ಜಾಪತ್ರೆಗೂ ಗದೆಗೂ ಒಂದೇ ಹೆಸರು ಯಾಕೆ?

ಪ್ರಶ್ನೆ: ಅಡಿಕೆ ತೋಟದ ಜಾಪತ್ರೆ, ಕಾನಿನ ರಾಮಪತ್ರೆ ಎರಡನ್ನೂ ಪೊಟ್ಟಣ ಕಟ್ಟಿ ಮಾರುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಮೇಸ್’ ಅಂತ ಬರೆದಿದ್ದೆವು. ಮಗಳು ನಿಘಂಟು ತೆಗೆದರೆ ಮೊದಲ ಅರ್ಥವೇ ‘ಗದೆ’! ಇವಕ್ಕೆ ಏನು ಸಂಬಂಧ? ಲೇಬಲ್ ಸರಿಯಿದೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸಂಬಂಧವಿಲ್ಲ. ಬೇರೆ ಬೇರೆ ಮೂಲದ ಎರಡು ಪದಗಳು ಇಂಗ್ಲಿಷಿಗೆ ಬಂದು ಒಂದೇ ಕಾಗುಣಿತಕ್ಕೆ ಬಿದ್ದಿವೆ. ಗದೆಯ ‘ಮೇಸ್’ ಹಳೆಯ ಫ್ರೆಂಚಿನದು. ಯುದ್ಧದ ಗದೆ ಬರಬರುತ್ತಾ ಅಧಿಕಾರದ ದಂಡವಾಯಿತು. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಆ ದಂಡ ಮುಂದಿಲ್ಲದೆ ಕಲಾಪ ನಡೆಯುವಂತಿಲ್ಲ.

ಜಾಪತ್ರೆಯ ದಾರಿ ಇನ್ನೂ ಸ್ವಾರಸ್ಯದ್ದು. 14ನೇ ಶತಮಾನದಲ್ಲಿ ಫ್ರೆಂಚಿನ ‘ಮಾಸಿಸ್’ ಇಂಗ್ಲಿಷಿಗೆ ಬಂತು. ಕೊನೆಯ ‘ಸ್’ ಬಹುವಚನದ್ದೆಂದು ತಿಳಿದ ಜನ ಅದನ್ನು ಕಳೆದು ‘ಮೇಸ್’ ಎಂಬ ಏಕವಚನ ಮಾಡಿಕೊಂಡರು. ‘ಪೀಸ್’ ಎಂಬ ಹಳೆಯ ಪದದಿಂದ ಬಟಾಣಿಯ ‘ಪೀ’ ಹುಟ್ಟಿದ್ದೂ ಹೀಗೆಯೇ. ಮಾಸಿಸ್‌ನ ಹಿಂದಿರುವುದು ಬಹುಶಃ ಲ್ಯಾಟಿನ್ನಿನ ‘ಮಾಕಿರ್’ (macir). ಅದು ಭಾರತದಿಂದ ಬರುತ್ತಿದ್ದ ಕೆಂಪು ತೊಗಟೆಯೆಂದು ಪ್ರಾಚೀನ ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ನಕಲು ಮಾಡುವಾಗ ಕೊನೆಯ ಅಕ್ಷರ ತಪ್ಪಿ ‘ಮಾಸಿಸ್’ (macis) ಆಗಿರಬೇಕೆಂಬುದು ವಿದ್ವಾಂಸರ ಊಹೆ. ನಮ್ಮ ಜಾಪತ್ರೆಯಲ್ಲೂ ‘ಪತ್ರೆ’ ಇದೆ, ಆದರೆ ಅದು ಎಲೆಯಲ್ಲ, ಜಾಯಿಕಾಯಿ ಬೀಜಕ್ಕೆ ಬಲೆಯಂತೆ ಅಂಟಿಕೊಂಡ ಹೊದಿಕೆ. (ಆತ್ಮರಕ್ಷಣೆಯ ‘ಮೇಸ್’ ಸ್ಪ್ರೇ ಅಮೆರಿಕದಲ್ಲಿ 1960ರ ದಶಕದಲ್ಲಿ ಬಂದ ವ್ಯಾಪಾರನಾಮ. ಅದರಲ್ಲಿದ್ದದ್ದು ಅಶ್ರುವಾಯುವಿನ ರಾಸಾಯನಿಕ.)

ಇನ್ನು ಲೇಬಲ್ಲು. ಬರೀ ‘ಮೇಸ್’ ಎಂದರೆ ಜಾಪತ್ರೆ ಮಾತ್ರ. ರಾಮಪತ್ರೆ ‘ಮಿರಿಸ್ಟಿಕಾ ಮಲಬಾರಿಕಾ’ ಎಂಬ ಬೇರೆಯೇ ಮರದ್ದು, ವ್ಯಾಪಾರದಲ್ಲಿ ಅದಕ್ಕೆ ‘ಬಾಂಬೆ ಮೇಸ್’ ಎಂಬ ಹೆಸರಿದೆ. ಅದನ್ನೇ ಬರೆಯಿರಿ. ಬರೀ ‘ಮೇಸ್’ ಎಂದು ಬರೆದರೆ ಕಲಬೆರಕೆಯ ಆರೋಪಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ, ಏಕೆಂದರೆ ಜಾಪತ್ರೆಗೆ ಬೆರೆಸುವುದೇ ಇದನ್ನು. ಪೊಟ್ಟಣ ಕಟ್ಟುವಾಗ ಅನುಮಾನ ಬಂದರೆ ಒಂದು ಚೂರನ್ನು ಅಂಗೈಯಲ್ಲಿ ಪುಡಿಮಾಡಿ ಮೂಸಿ ನೋಡಿ. ಒಣಗಿದ ಜಾಪತ್ರೆ ಹಳದಿ ಮಿಶ್ರಿತ ಕಿತ್ತಳೆ ಬಣ್ಣದ್ದು, ಅಗಲ ಪಟ್ಟಿಗಳದ್ದು, ಘಮ್ಮೆನ್ನುತ್ತದೆ. ರಾಮಪತ್ರೆ ಕಡುಗೆಂಪು, ಎಳೆಗಳು ಸಣ್ಣ, ತುದಿಯಲ್ಲಿ ಹೆಣೆದುಕೊಂಡಿರುತ್ತವೆ. ಪರಿಮಳ ಇಲ್ಲವೆನ್ನುವಷ್ಟು ಕಡಿಮೆ. ಪುಡಿಯಾದ ಮೇಲೆ ಕಣ್ಣಳತೆಯಲ್ಲಿ ಬೇರ್ಪಡಿಸುವುದು ಕಷ್ಟ, ಹಾಗಾಗಿ ಕೊಯ್ಲಿನಿಂದಲೇ ಬೇರೆ ಬೇರೆ ಚೀಲ ಇಡಿ.