ಹಳೇ ಗ್ರಿಲ್ ತಂದಿದ್ದೀರಾ? ಹೊಳಪು ಆಮೇಲೆ, ಮೊದಲು ಗ್ಯಾಸಿನ ದಾರಿ ನೋಡಿ

ಈ ಸಲ ಒಂದೇ ವಿಷಯದ ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಯಾರೋ ಬಳಸಿದ, ಒಳ್ಳೆಯ ದರ್ಜೆಯ ಹೊರಾಂಗಣ ಗ್ಯಾಸ್ ಗ್ರಿಲ್ ಕೈಗೆ ಬಂದಿದೆ, ಅದನ್ನು ಸರಿ ಮಾಡುವುದು ಹೇಗೆ ಎಂಬುದು ಎಲ್ಲರ ಪ್ರಶ್ನೆ. ಗ್ಯಾಸ್ ಉಪಕರಣ ಬಿಚ್ಚಿ ಜೋಡಿಸುವುದೇ ನನ್ನ ಕಸುಬು. ಅದರಲ್ಲೂ ಈ ದಪ್ಪ ಸ್ಟೀಲಿನ ಗ್ರಿಲ್‌ಗಳೆಂದರೆ ನನಗೆ ಜಾಸ್ತಿ ಇಷ್ಟ. ಸರಿಯಾಗಿ ಕೈಯಾಡಿಸಿದರೆ ಇನ್ನೂ ಬಹಳ ವರ್ಷ ಬಾಳುವ ಸಾಮಾನು ಅವು.

ಪ್ರಶ್ನೆ: ಸರ್, ಮನೆ ಬದಲಿಸುತ್ತಿರುವ ಪರಿಚಯದವರೊಬ್ಬರು ತಮ್ಮ ನಾಲ್ಕು ಬರ್ನರಿನ ಸ್ಟೀಲ್ ಗ್ರಿಲ್ ಕೊಡುತ್ತೇನೆ ಎನ್ನುತ್ತಿದ್ದಾರೆ. ಹೊಸದರಲ್ಲಿ ತುಂಬಾ ದುಬಾರಿಯದು. ಈಗ ಮುಚ್ಚಳದ ಮೇಲೆ ಕಂದು ಚುಕ್ಕೆಗಳಿವೆ, ಒಳಗಡೆ ಬಣ್ಣ ಸುಲಿದು ಬೀಳುತ್ತಿದೆ, ಎರಡು ಬರ್ನರ್‌ಗಳನ್ನು ತುಕ್ಕು ತಿಂದಿದೆ. ತೆಗೆದುಕೊಳ್ಳಬಹುದಾ?

ಉತ್ತರ: ಬರ್ನರಿಗೆ ತುಕ್ಕು ಹಿಡಿದಿದೆ ಅಂತ ಬಿಡಬೇಡಿ. ಮುಚ್ಚಳ ಹೊಳೆಯುತ್ತಿದೆ ಅಂತ ತೆಗೆದುಕೊಳ್ಳಲೂ ಬೇಡಿ. ದುಬಾರಿ ಗ್ರಿಲ್‌ನಲ್ಲಿ ಬೆಲೆ ಇರುವುದು ಮೈಗೆ. ಅಂದರೆ ಬೆಂಕಿ ಉರಿಯುವ ಪೆಟ್ಟಿಗೆ, ಅದನ್ನು ಹೊತ್ತ ಚೌಕಟ್ಟು, ಮುಚ್ಚಳ, ಬೆಸುಗೆಗಳು. ಬರ್ನರ್, ಅದರ ಮೇಲಿನ ಶಾಖದ ತಗಡು, ಕಿಡಿ ಕಡ್ಡಿ, ರಬ್ಬರ್ ಪೈಪು, ರೆಗ್ಯುಲೇಟರ್ ಇವೆಲ್ಲ ಸವೆಯುವ ಭಾಗಗಳು. ಬದಲಾಯಿಸಲಿಕ್ಕೆಂದೇ ಇರುವಂಥವು. ಮೈ ಗಟ್ಟಿ ಇದ್ದರೆ ಉಳಿದದ್ದನ್ನು ಹೊಸದು ಮಾಡಬಹುದು. ಮೈಯೇ ಹೋಗಿದ್ದರೆ ಹೊಸ ಬರ್ನರ್ ಹಾಕಿ ಏನು ಪ್ರಯೋಜನ?

ಹೋಗುವಾಗ ಒಂದು ಟಾರ್ಚ್, ಒಂದು ಸ್ಕ್ರೂಡ್ರೈವರ್, ಒಂದು ಸಣ್ಣ ಮ್ಯಾಗ್ನೆಟ್ ಇಟ್ಟುಕೊಳ್ಳಿ. ಅಡುಗೆ ಇಡುವ ಕಂಬಿಗಳನ್ನು, ಶಾಖದ ತಗಡುಗಳನ್ನು ಎತ್ತಿ ಪಕ್ಕಕ್ಕಿಡಿ. ಪೆಟ್ಟಿಗೆಯ ತಳ, ಮೂಲೆ, ಬರ್ನರ್ ಕೂರುವ ತೊಟ್ಟಿಲುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ಗಟ್ಟಿ ಸದ್ದು ಬಂದರೆ ಸರಿ. ತುದಿ ಒಳಗಿಳಿದರೆ, ಪದರ ಪದರವಾಗಿ ಕಿತ್ತು ಬಂದರೆ, ನಮಸ್ಕಾರ ಹೇಳಿ ವಾಪಸ್ ಬನ್ನಿ.

ಆಮೇಲೆ ಮ್ಯಾಗ್ನೆಟ್. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕಲ್ ಇರುತ್ತದೆ. ಅದಕ್ಕೆ ಮ್ಯಾಗ್ನೆಟ್ ಹೆಚ್ಚು ಕಡಿಮೆ ಅಂಟುವುದಿಲ್ಲ. ಬಗ್ಗಿಸಿದ ಅಂಚಿನಲ್ಲಿ ಸ್ವಲ್ಪ ಎಳೆಯಬಹುದು, ಅದಕ್ಕೆ ಗಾಬರಿ ಬೇಡ. 430 ದರ್ಜೆಗೆ ಗಟ್ಟಿಯಾಗಿ ಅಂಟುತ್ತದೆ. ಅದರಲ್ಲಿ ನಿಕಲ್ ಇಲ್ಲ, ತುಕ್ಕು ಬೇಗ ಬರುತ್ತದೆ. ಆದರೆ ಮ್ಯಾಗ್ನೆಟ್ ಅಂಟಲಿಲ್ಲ ಎಂದ ಮಾತ್ರಕ್ಕೆ 304 ಎಂದುಕೊಳ್ಳಬೇಡಿ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 201 ದರ್ಜೆಗೂ ಅಂಟುವುದಿಲ್ಲ. ಹಾಗಾಗಿ ಇದು ಅರ್ಧ ಪರೀಕ್ಷೆ. ಇನ್ನರ್ಧ ನಿಮ್ಮ ಸ್ಕ್ರೂಡ್ರೈವರೇ ಹೇಳುತ್ತದೆ.

ನೀವು ಸುಲಿದ ಬಣ್ಣ ಅಂದಿರಿ. ಮುಚ್ಚಳದ ಒಳಮೈ ಬರೀ ಸ್ಟೀಲ್ ಆಗಿದ್ದರೆ ಅದು ಬಣ್ಣವೇ ಅಲ್ಲ. ಜಿಡ್ಡು ಹೊಗೆಯ ಜೊತೆ ಸೇರಿ ಸುಟ್ಟು ಕರಕಲಾಗಿ ಚಕ್ಕೆ ಏಳುತ್ತಿದೆ. ಪ್ಲಾಸ್ಟಿಕ್ ಕೆರೆಗೋಲಿನಿಂದ ಕೆರೆದರೆ ಉದುರುತ್ತದೆ. ಹೊರಗಡೆ ಹಳದಿ, ನೀಲಿ, ನೇರಳೆ ಛಾಯೆ ಕಂಡರೆ ಅದು ಶಾಖ ತಾಗಿದ ಗುರುತು, ತುಕ್ಕಲ್ಲ. ಕಂದು ಚುಕ್ಕೆಗಳ ವಿಷಯ ಮುಂದಿನ ಪತ್ರದಲ್ಲಿದೆ.

ಕೊನೆಯದಾಗಿ, ಮಾದರಿ ಸಂಖ್ಯೆಯ ತಗಡು ಹುಡುಕಿ. ಹಿಂಭಾಗದಲ್ಲೋ ಬಾಗಿಲಿನ ಒಳಗೋ ಜಿಡ್ಡಿನ ತಟ್ಟೆಯ ಪಕ್ಕದಲ್ಲೋ ಇರುತ್ತದೆ. ಅದರ ಫೋಟೋ ತೆಗೆದುಕೊಂಡು, ಆ ಮಾದರಿಯ ಬರ್ನರ್, ವಾಲ್ವ್ ಈಗಲೂ ಸಿಗುತ್ತವಾ ಅಂತ ವಿಚಾರಿಸಿ. ಮೈ ಎಷ್ಟೇ ಚೆನ್ನಾಗಿದ್ದರೂ ವಾಲ್ವ್ ಸಿಗದ ಗ್ರಿಲ್ಲನ್ನು ನಾನು ಮುಟ್ಟುವುದಿಲ್ಲ. ಯಾವ ಗ್ಯಾಸಿಗೆ ಮಾಡಿದ್ದು ಎಂಬುದೂ ಆ ತಗಡಿನ ಮೇಲೇ ಬರೆದಿರುತ್ತದೆ.

ಪ್ರಶ್ನೆ: ತಂದ ದಿನವೇ ಪಾತ್ರೆ ತಿಕ್ಕುವ ಕಬ್ಬಿಣದ ನಾರಿನಿಂದ ಉಜ್ಜಿ ಫಳಫಳ ಮಾಡಿದೆ. ಸ್ವಲ್ಪ ದಿನಕ್ಕೆ ಮುಚ್ಚಳದ ತುಂಬ ಸಣ್ಣ ತುಕ್ಕಿನ ಚುಕ್ಕೆ ಎದ್ದಿವೆ. ಸ್ಟೇನ್‌ಲೆಸ್ ಅಂತ ಹೇಳಿ ಮೋಸ ಮಾಡಿದರಾ?

ಉತ್ತರ: ಯಾರೂ ಮೋಸ ಮಾಡಿಲ್ಲ. ಆ ತುಕ್ಕು ನಿಮ್ಮ ಮುಚ್ಚಳದ್ದಲ್ಲ, ನಾರಿನದ್ದು. ಉಜ್ಜುವಾಗ ಕಬ್ಬಿಣದ ಪುಡಿ ಸ್ಟೀಲಿನೊಳಗೆ ಒತ್ತಿ ಕೂತಿತು. ತೇವ ತಾಗಿದಾಗ ತುಕ್ಕು ಹಿಡಿಯಿತು. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರ ಮೇಲಿನ ಕ್ರೋಮಿಯಂ ಆಕ್ಸೈಡಿನ ಪದರ. ಕಣ್ಣಿಗೆ ಕಾಣದಷ್ಟು ತೆಳು, ಕೆಲವೇ ನ್ಯಾನೋಮೀಟರ್. ಗೀರು ಬಿದ್ದರೆ ಗಾಳಿಯ ಆಮ್ಲಜನಕದಿಂದ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಮೇಲೆ ಕಬ್ಬಿಣದ ಪುಡಿಯೋ ಜಿಡ್ಡೋ ಕೂತಿದ್ದರೆ ಅದಕ್ಕೆ ಅವಕಾಶ ಸಿಗುವುದಿಲ್ಲ.

ಆಕ್ಸಾಲಿಕ್ ಆಸಿಡ್ ಇರುವ ಸ್ಟೀಲ್ ಕ್ಲೀನರ್ ಪುಡಿ ತನ್ನಿ. ಕೈಗವಸು ಹಾಕಿಕೊಳ್ಳಿ. ಒದ್ದೆ ಬಟ್ಟೆಯಲ್ಲಿ ತೆಗೆದುಕೊಂಡು ಸ್ಟೀಲಿನ ಗೆರೆ ಯಾವ ಕಡೆಗಿದೆಯೋ ಅದೇ ಕಡೆಗೆ ಉಜ್ಜಿ, ಅಡ್ಡಡ್ಡ ಬೇಡ. ಒಣಗಲು ಬಿಡದೆ ಚೆನ್ನಾಗಿ ತೊಳೆದು ಒರೆಸಿ. ಹೆಚ್ಚಿನ ಚುಕ್ಕೆ ಹೋಗುತ್ತವೆ. ಗುಳಿ ಬಿದ್ದಲ್ಲಿ ಗುರುತು ಉಳಿಯುತ್ತದೆ, ಅದನ್ನು ಒಪ್ಪಿಕೊಳ್ಳಿ.

ಬ್ಲೀಚ್ ಬೇಡವೇ ಬೇಡ. ಟಾಯ್ಲೆಟ್ ತೊಳೆಯುವ ಆಸಿಡ್ ಇನ್ನೂ ಕೆಟ್ಟದ್ದು. ಎರಡರಲ್ಲೂ ಇರುವ ಕ್ಲೋರಿನ್ ಅಂಶ ಆ ರಕ್ಷಣೆಯ ಪದರವನ್ನೇ ಕೊರೆಯುತ್ತದೆ. ಪೆಟ್ಟಿಗೆ ಎರಕದ ಅಲ್ಯೂಮಿನಿಯಮ್ಮಿನದ್ದಾದರೆ ಕಾಸ್ಟಿಕ್ ಇರುವ ಓವನ್ ಕ್ಲೀನರ್ ಕೂಡ ಹಾಕಬೇಡಿ, ಲೋಹವನ್ನೇ ತಿನ್ನುತ್ತದೆ.

ಕಂಬಿ ಉಜ್ಜುವ ತಂತಿ ಬ್ರಷ್ಷಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅದರ ತಂತಿ ಮುರಿದು ಕಂಬಿಗೆ ಅಂಟಿ, ಊಟದ ಜೊತೆ ಹೊಟ್ಟೆಗೆ ಹೋಗಿ ಗಾಯವಾದ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2012ರಲ್ಲೇ ವರದಿ ಮಾಡಿದೆ. ಮನೆಯಲ್ಲಿ ಮಕ್ಕಳಿದ್ದರಂತೂ ಆ ಬ್ರಷ್ ಎಸೆದುಬಿಡಿ. ಮರದ ಕೆರೆಗೋಲು ಸಾಕು.

ಪ್ರಶ್ನೆ: ಎಲ್ಲ ತೊಳೆದು ಜೋಡಿಸಿದ್ದೇನೆ. ಈಗ ಎರಡು ತೊಂದರೆ. ಎಲ್ಲ ಬರ್ನರಿನಲ್ಲೂ ಉರಿ ಸಣ್ಣ, ಗ್ರಿಲ್ ಕಾಯುವುದೇ ಇಲ್ಲ. ಅದರಲ್ಲೂ ಬಲಗಡೆಯ ಬರ್ನರ್ ಹಳದಿಯಾಗಿ ಸೋಮಾರಿಯಂತೆ ಉರಿಯುತ್ತದೆ, ಅದರ ನಾಬ್ ಮುಟ್ಟಲಾಗದಷ್ಟು ಬಿಸಿ. ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಮೂತಿ, ಅಂದರೆ ಜೆಟ್, ದೊಡ್ಡದು ಮಾಡಿಸಲಾ?

ಉತ್ತರ: ಜೆಟ್ ಮುಟ್ಟಬೇಡಿ. ಬಲಗಡೆಯ ಬರ್ನರನ್ನು ಈಗಿಂದೀಗ ಉರಿಸುವುದು ನಿಲ್ಲಿಸಿ. ನಿಮ್ಮವು ಎರಡು ಬೇರೆ ಬೇರೆ ಕಾಯಿಲೆ.

ಮೊದಲು ಅಪಾಯದ್ದು. ಜೆಟ್ಟಿನಿಂದ ಗ್ಯಾಸ್ ಬರ್ನರಿನ ಕೊಳವೆಗೆ ಚಿಮ್ಮುವಾಗ ಪಕ್ಕದ ಕಿಂಡಿಯಿಂದ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಎರಡೂ ಹದವಾಗಿ ಬೆರೆತರೆ ನೀಲಿ ಉರಿ, ತುದಿಯಲ್ಲಿ ಒಂಚೂರು ಹಳದಿ. ಗಾಳಿ ಸಾಲದಿದ್ದರೆ ಪೂರ್ತಿ ಹಳದಿ, ಜೊತೆಗೆ ಮಸಿ. ಕೊಳವೆಯೊಳಗೆ ಏನಾದರೂ ಅಡ್ಡ ಇದ್ದರೆ ಗ್ಯಾಸ್ ಹಿಂದಕ್ಕೆ ತಿರುಗಿ, ನಾಬಿನ ಹಿಂಭಾಗದಲ್ಲೇ ಉರಿಯತೊಡಗುತ್ತದೆ. ನಾಬ್ ಕಾಯುತ್ತಿದೆ ಎಂದರೆ ಅದೇ ಅನುಮಾನ. ಆ ಜಾಗದಲ್ಲೇ ವಾಲ್ವ್ ಇರುವುದು, ನೆನಪಿರಲಿ.

ಅಡ್ಡ ಇರುವುದು ಬಹಳ ಸಲ ಜೇಡರ ಬಲೆ. ನಿಲ್ಲಿಸಿಟ್ಟ ಗ್ರಿಲ್‌ನಲ್ಲಂತೂ ನಾನು ಮೊದಲು ಹುಡುಕುವುದೇ ಅದನ್ನು. ಸಣ್ಣ ಮಾತಲ್ಲ ಇದು. 2011ರಲ್ಲಿ ಮಜ್ದಾ ಕಂಪನಿ ಉತ್ತರ ಅಮೆರಿಕದಲ್ಲಿ ಸಾವಿರಾರು ಕಾರುಗಳನ್ನು ವಾಪಸ್ ಕರೆಸಿಕೊಂಡದ್ದು ಇಂಧನ ಟ್ಯಾಂಕಿನ ಆವಿ ಕೊಳವೆಯಲ್ಲಿ ಒಂದು ಜಾತಿಯ ಜೇಡ ಬಲೆ ಕಟ್ಟುತ್ತಿತ್ತು ಅಂತ.

ಸಿಲಿಂಡರ್ ಬಂದ್ ಮಾಡಿ, ಬಿಚ್ಚಿಟ್ಟು, ಬರ್ನರನ್ನು ಹೊರಗೆ ತೆಗೆಯಿರಿ. ಉದ್ದ ಹಿಡಿಯ ಸಣ್ಣ ಬಾಟಲಿ ಬ್ರಷ್ ಕೊಳವೆಯ ಈ ತುದಿಯಿಂದ ಆ ತುದಿವರೆಗೆ ಆಡಿಸಿ. ಉರಿ ಬರುವ ತೂತುಗಳನ್ನು ಸಣ್ಣ ತಂತಿಯಿಂದ ಬಿಡಿಸಿ, ಆದರೆ ದೊಡ್ಡದಾಗಬಾರದು. ಎರಡು ತೂತು ಸೇರಿ ಒಂದಾಗಿದ್ದರೆ, ಅಥವಾ ಕೊಳವೆ ಬಿರಿದಿದ್ದರೆ, ಆ ಬರ್ನರಿನ ಆಯಸ್ಸು ಮುಗಿದಿದೆ. ಬೆಸುಗೆ ಹಾಕಿಸುವ ಗೋಜಿಗೆ ಹೋಗಬೇಡಿ. ವಾಪಸ್ ಜೋಡಿಸುವಾಗ ಜೆಟ್ ಬರ್ನರಿನ ಬಾಯಿಯ ಒಳಗೆ, ನಟ್ಟನಡುವೆ ಕೂತಿದೆಯೇ ಅಂತ ಬಗ್ಗಿ ನೋಡಿ. ಅವಸರದಲ್ಲಿ ಅದು ಹೊರಗೇ ಉಳಿದರೆ ಗ್ಯಾಸ್ ಪೂರ್ತಿ ಪ್ಯಾನೆಲ್ಲಿನ ಹಿಂದೆ ಸೇರುತ್ತದೆ.

ಇನ್ನು ಎಲ್ಲ ಉರಿಯೂ ಸಣ್ಣ ಎಂಬುದು. ಎಲ್ಲ ಬರ್ನರಿಗೂ ಒಟ್ಟಿಗೇ ಬಂದ ತೊಂದರೆ ಬರ್ನರಿನದ್ದಾಗಿರುವುದು ಕಡಿಮೆ. ಅವುಗಳಿಗಿಂತ ಹಿಂದೆ ನೋಡಿ. ಅನೇಕ ಗ್ರಿಲ್‌ಗಳ ಸಿಲಿಂಡರ್ ಜೋಡಣೆಯಲ್ಲಿ ಒಂದು ಸುರಕ್ಷಾ ಏರ್ಪಾಡು ಇದೆ. ಗ್ಯಾಸ್ ಒಮ್ಮೆಲೇ ನುಗ್ಗಿದರೆ ಎಲ್ಲೋ ಪೈಪು ಕಿತ್ತಿದೆ ಎಂದು ತಿಳಿದು ಹರಿವನ್ನು ತಡೆಯುತ್ತದೆ. ನಾಬ್ ತಿರುಗಿಸಿಟ್ಟು ಆಮೇಲೆ ಸಿಲಿಂಡರ್ ತೆರೆದರೆ ಅದಕ್ಕೂ ಹಾಗೇ ಅನಿಸುತ್ತದೆ. ನಾಬ್‌ಗಳನ್ನೆಲ್ಲ ಬಂದ್ ಮಾಡಿ, ಸಿಲಿಂಡರ್ ಬಂದ್ ಮಾಡಿ, ರೆಗ್ಯುಲೇಟರ್ ಬಿಚ್ಚಿ ಕೆಲವು ನಿಮಿಷ ಬಿಡಿ. ಮತ್ತೆ ಜೋಡಿಸಿ ಸಿಲಿಂಡರನ್ನು ತುಂಬ ನಿಧಾನವಾಗಿ ತೆರೆಯಿರಿ. ನಂತರವೇ ನಾಬ್. ಬಹಳ ಜನರಿಗೆ ಇಷ್ಟರಲ್ಲೇ ಉರಿ ಬಂದುಬಿಡುತ್ತದೆ. ಬರಲಿಲ್ಲ ಎಂದರೆ ರೆಗ್ಯುಲೇಟರ್ ಬದಲಿಸಿ.

ನಿಜ ಹೇಳಬೇಕೆಂದರೆ, ಬೇರೆಯವರಿಂದ ಬಂದ ಗ್ರಿಲ್ಲಿನ ರಬ್ಬರ್ ಪೈಪು ಮತ್ತು ರೆಗ್ಯುಲೇಟರನ್ನು ನಾನು ಪರೀಕ್ಷೆ ಮಾಡುವುದೇ ಇಲ್ಲ, ಹೊಸದು ಹಾಕುತ್ತೇನೆ. ಅದು ಎಷ್ಟು ಬಿಸಿಲು ಕಂಡಿದೆ, ಎಷ್ಟು ಸಲ ಇಲಿ ಕಚ್ಚಿದೆ, ಯಾರಿಗೆ ಗೊತ್ತು? ಮಿತವ್ಯಯ ಮಾಡುವ ಜಾಗ ಅದಲ್ಲ. ಹೊಸ ಪೈಪು ಹಾಕುವಾಗ ಎಲ್ಲ ಕಡೆಯೂ ಟೇಪ್ ಸುತ್ತಬೇಡಿ. ಮೊನಚಾಗಿ ಸಣ್ಣದಾಗುವ ಪೈಪಿನ ತಿರುಪಿನ ಸುತ್ತುಗಳಿಗೆ ಮಾತ್ರ ಗ್ಯಾಸಿಗೆಂದೇ ಇರುವ ಟೇಪ್ ಬೇಕು. ಅಗಲ ಬಾಯಿಯ ಫ್ಲೇರ್ ಜೋಡಣೆಯಲ್ಲಿ ಲೋಹಕ್ಕೆ ಲೋಹವೇ ಕೂತು ಬಿಗಿಯಾಗುತ್ತದೆ, ಅಲ್ಲಿ ಟೇಪ್ ಹಾಕಿದರೆ ಸೋರಿಕೆಗೆ ದಾರಿ ಮಾಡಿದಂತೆ.

ಆಮೇಲೆ ಸೋಪು ನೀರು. ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ನೀರು ಸಮಸಮ ಬೆರೆಸಿ. ನಾಬ್‌ಗಳೆಲ್ಲ ಬಂದ್ ಇರಲಿ, ಸಿಲಿಂಡರ್ ತೆರೆದಿರಲಿ. ಸಿಲಿಂಡರಿನ ಬಾಯಿಯಿಂದ ವಾಲ್ವ್‌ಗಳವರೆಗೆ ಪ್ರತಿ ಜೋಡಣೆಗೂ ಬ್ರಷ್ಷಿನಿಂದ ಹಚ್ಚಿ, ಕಾದು ನೋಡಿ. ಗುಳ್ಳೆ ದೊಡ್ಡದಾಗುತ್ತಿದ್ದರೆ ಅಲ್ಲಿ ಸೋರಿಕೆ ಇದೆ. ಬಂದ್ ಮಾಡಿ, ಬಿಗಿ ಮಾಡಿ, ಮತ್ತೆ ಹಚ್ಚಿ. ಬೆಂಕಿಕಡ್ಡಿ ಹಿಡಿದು ಪರೀಕ್ಷಿಸುವವರು ಇನ್ನೂ ಇದ್ದಾರೆ, ದಯವಿಟ್ಟು ಬೇಡ. ಈ ಗ್ರಿಲ್‌ಗಳ ಸಿಲಿಂಡರಿನಲ್ಲಿರುವ ಪ್ರೊಪೇನ್ ಗ್ಯಾಸ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದ್ದು ಮೇಲೆ ಹಾರಿಹೋಗದೆ ಗ್ರಿಲ್ಲಿನ ಕೆಳಗಿನ ಕಪಾಟಿನಲ್ಲಿ, ನೆಲದ ಮಟ್ಟದಲ್ಲಿ ಕೂತಿರುತ್ತದೆ.

ಪ್ರಶ್ನೆ: ನಮಗೆ ಸಿಕ್ಕ ಗ್ರಿಲ್ ಪೈಪ್‌ಲೈನ್ ಗ್ಯಾಸಿನದ್ದು. ನಮ್ಮಲ್ಲಿರುವುದು ಸಿಲಿಂಡರ್. ಪೈಪು ಬದಲಿಸಿದರೆ ನಡೆಯುತ್ತದೆ ಅಂತ ಗೆಳೆಯ ಹೇಳುತ್ತಾನೆ.

ಉತ್ತರ: ನಡೆಯುವುದಿಲ್ಲ. ಗೆಳೆಯನ ಮಾತು ಕೇಳಿದರೆ ಮುಖಕ್ಕೆ ಉರಿ ಎದ್ದೀತು. ಒಂದೇ ಅಳತೆಯ ಪ್ರೊಪೇನ್‌ನಲ್ಲಿ ಪೈಪ್‌ಲೈನ್ ಗ್ಯಾಸಿಗಿಂತ ಸುಮಾರು ಎರಡೂವರೆ ಪಟ್ಟು ಶಾಖ ಇದೆ. ಒತ್ತಡವೂ ಬೇರೆ. ಅಮೆರಿಕದಲ್ಲಿ ಮಾಡಿದ ಅನೇಕ ಗ್ರಿಲ್‌ಗಳು ಪ್ರೊಪೇನಿಗೆ 11 ಇಂಚು ಎತ್ತರದ ನೀರು ಒತ್ತುವಷ್ಟು ಒತ್ತಡದಲ್ಲಿ, ಪೈಪ್‌ಲೈನ್ ಗ್ಯಾಸಿಗೆ 4 ಇಂಚಿನಲ್ಲಿ ಉರಿಯುತ್ತವೆ. ಅದಕ್ಕೇ ಪೈಪ್‌ಲೈನ್ ಗ್ರಿಲ್ಲಿನ ಜೆಟ್ ತೂತು ದೊಡ್ಡದು. ಅದರಲ್ಲಿ ಸಿಲಿಂಡರ್ ಗ್ಯಾಸ್ ಬಿಟ್ಟರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಜೆಟ್‌ಗಳು, ರೆಗ್ಯುಲೇಟರ್, ಕೆಲವು ಮಾದರಿಗಳಲ್ಲಿ ಸಣ್ಣ ಉರಿಯ ಸ್ಕ್ರೂ, ಗಾಳಿ ಕಿಂಡಿಯ ಹೊಂದಾಣಿಕೆ, ಎಲ್ಲವೂ ಬದಲಾಗಬೇಕು. ನಿಮ್ಮ ಮಾದರಿಗೆ ತಯಾರಕರ ಕಿಟ್ ಇದ್ದರೆ ಅದನ್ನು ತರಿಸಿ, ಪರವಾನಗಿ ಇರುವ ಗ್ಯಾಸ್ ಮೆಕ್ಯಾನಿಕ್ಕಿನಿಂದಲೇ ಹಾಕಿಸಿ. ಕಿಟ್ ಇಲ್ಲ ಎಂದರೆ ಆ ಗ್ರಿಲ್ಲನ್ನು ಪೈಪ್‌ಲೈನ್ ಇರುವವರಿಗೆ ಕೊಟ್ಟುಬಿಡಿ. ಇದರಲ್ಲಿ ನಡುದಾರಿ ಇಲ್ಲ.

ಪ್ರಶ್ನೆ: ಗ್ರಿಲ್ಲಿನ ಹಿಂಗೋಡೆಯಲ್ಲಿ ಜೇನುಗೂಡಿನಂಥ ಸಣ್ಣ ತೂತುಗಳ ಬಿಳಿ ಬರ್ನರ್ ಇದೆ. ನೀರು ಹಾಕಿ ತೊಳೆಯಬಹುದಾ?

ಉತ್ತರ: ಬೇಡ. ಅದು ಸೆರಾಮಿಕ್ ಇನ್‌ಫ್ರಾರೆಡ್ ಬರ್ನರ್. ನೀರು ಹೀರಿಕೊಂಡು ಕಾದಾಗ ಬಿರುಕು ಬಿಡುತ್ತದೆ. ಬ್ರಷ್ ಕೂಡ ಬೇಡ. ಅದನ್ನೇ ಹೊತ್ತಿಸಿ ಸ್ವಲ್ಪ ಹೊತ್ತು ಕೆಂಪಗೆ ಉರಿಯಲು ಬಿಡಿ, ಜಿಡ್ಡು ತಾನೇ ಸುಟ್ಟುಹೋಗುತ್ತದೆ. ತಣ್ಣಗಾದ ಮೇಲೆ ಧೂಳನ್ನು ಮೆಲ್ಲಗೆ ಊದಿ. ಆದರೆ ಹೊತ್ತಿಸುವ ಮುಂಚೆಯೇ ಟಾರ್ಚ್ ಹಿಡಿದು ನೋಡಿ. ಬಿರುಕು ಕಂಡರೆ ಉರಿಸಲೇಬೇಡಿ. ಬಿರುಕಿನೊಳಗಿಂದ ಉರಿ ಹಿಂದಕ್ಕೆ ಹೋಗುತ್ತದೆ, ಬದಲಿಸುವುದೊಂದೇ ದಾರಿ.

ಪ್ರಶ್ನೆ: ಹೊಸ ಬ್ಯಾಟರಿ ಹಾಕಿದ್ದೇನೆ. ಟಿಕ್ ಟಿಕ್ ಸದ್ದು ಬರುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ. ಹಳೇ ಬೋಲ್ಟುಗಳ ಬದಲು ಗ್ಯಾಲ್ವನೈಸ್ ಮಾಡಿದವು ಹಾಕಬಹುದೇ ಎಂಬುದನ್ನೂ ತಿಳಿಸಿ.

ಉತ್ತರ: ಕತ್ತಲಾದ ಮೇಲೆ, ಸಿಲಿಂಡರ್ ಬಂದ್ ಇಟ್ಟು, ಬಟನ್ ಒತ್ತಿ ಕಿಡಿ ಎಲ್ಲಿ ಹಾರುತ್ತಿದೆ ನೋಡಿ. ಕಡ್ಡಿಯ ತುದಿಯಿಂದ ಬರ್ನರಿಗೆ ಹಾರಬೇಕು. ಬಿಳಿ ಪಿಂಗಾಣಿಯ ಪಕ್ಕದಿಂದ ಹಾರಿದರೆ ಅದು ಬಿರಿದಿದೆ, ಅಥವಾ ಮೇಲೆ ಮಸಿ ಕೂತಿದೆ. ಮಸಿ ಒರೆಸಿ, ಬಿರಿದಿದ್ದರೆ ಬದಲಿಸಿ. ಕಿಡಿ ಕಾಣಲೇ ಇಲ್ಲ ಎಂದರೆ ವೈರ್ ಸಡಿಲ ಇದೆಯೇ, ಕಡ್ಡಿ ಬರ್ನರಿನಿಂದ ದೂರ ಬಾಗಿದೆಯೇ ನೋಡಿ. ಹೊತ್ತಿಸುವಾಗ ಮುಚ್ಚಳ ಯಾವಾಗಲೂ ತೆರೆದಿರಲಿ. ಹೊತ್ತಲಿಲ್ಲ ಎಂದರೆ ನಾಬ್ ಬಂದ್ ಮಾಡಿ ಐದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ.

ಗ್ಯಾಲ್ವನೈಸ್ ಬೋಲ್ಟನ್ನು ಚಕ್ರಕ್ಕೋ ಹೊರಗಿನ ಚೌಕಟ್ಟಿಗೋ ಹಾಕಿಕೊಳ್ಳಿ, ಬೆಂಕಿ ಪೆಟ್ಟಿಗೆಯೊಳಗೆ ಬೇಡ. ಅದರ ಮೇಲಿನ ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಇನ್ನೂ ಕಾದರೆ ಅದರ ಹೊಗೆ ಒಳ್ಳೆಯದಲ್ಲ. ಒಳಗೆ ಸ್ಟೇನ್‌ಲೆಸ್ ಬೋಲ್ಟೇ ಇರಲಿ. ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ಅವಸರದಿಂದ ಬಿಗಿದರೆ ಎರಡೂ ಕಚ್ಚಿಕೊಂಡುಬಿಡುತ್ತವೆ. ತಿರುಪಿನ ಸುತ್ತುಗಳಿಗೆ ಶಾಖ ತಡೆಯುವ ಆ್ಯಂಟಿ-ಸೀಜ್ ಪೇಸ್ಟ್ ಸವರಿ, ಕೈಯಿಂದಲೇ ನಿಧಾನವಾಗಿ ತಿರುಗಿಸಿ.