ಟೆನ್ಷನ್‌ನಿಂದ ಕೂದಲು ಉದುರುತ್ತಿದೆ ಅಂತ ಬಂದವರು

ಹೆಸರು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಲಲಿತಾ ಅಂತ ಕರೆಯೋಣ. ವಯಸ್ಸು ನಲವತ್ತರ ಹತ್ತಿರ, ಸೋಮವಾರಪೇಟೆ ಕಡೆಯವರು. ಸ್ವಲ್ಪ ಕಾಫಿ ತೋಟ ಇದೆ, ಮನೆಯಲ್ಲೇ ಹೋಮ್‌ಸ್ಟೇ ನಡೆಸುತ್ತಾರೆ, ಅಡುಗೆ ಪೂರ್ತಿ ಇವರದ್ದೇ.

ಅಕ್ಟೋಬರ್‌ನಲ್ಲಿ ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದವರು ಕೂತ ತಕ್ಷಣ ಹೇಳಿದ್ದು ಇಷ್ಟು: "ಟೆನ್ಷನ್ ಕಮ್ಮಿ ಮಾಡ್ಕೊಳ್ಳೋದು ಹೇಳಿಕೊಡಿ ಮೇಡಂ, ಇಲ್ಲಾಂದ್ರೆ ತಲೆ ಬೋಳಾಗಿಹೋಗುತ್ತೆ." ಬಾಚಣಿಗೆ ತುಂಬ ಕೂದಲು, ದಿಂಬಿನ ಮೇಲೆ ಕೂದಲು, ಬಚ್ಚಲಿನ ಜಾಲರಿಯಲ್ಲಿ ಕೂದಲು. ಗೆಸ್ಟ್‌ಗಳಿಗೆ ಬಡಿಸೋದನ್ನು ಗಂಡನಿಗೆ ವಹಿಸಿಬಿಟ್ಟಿದ್ದರು, ಸಾರಿನಲ್ಲಿ ಒಂದು ಕೂದಲು ಸಿಕ್ಕರೆ ರಿವ್ಯೂನಲ್ಲಿ ಬರೆದುಬಿಡುತ್ತಾರೆ ಅನ್ನೋ ಭಯ. ತಮ್ಮನ ಮನೆ ಗೃಹಪ್ರವೇಶಕ್ಕೂ ಮಂಡಿನೋವು ಅಂತ ಸುಳ್ಳು ಹೇಳಿ ಹೋಗಿರಲಿಲ್ಲ. ಅತ್ತೆ ಬೋರ್‌ವೆಲ್ ನೀರಿನ ತಪ್ಪು ಅಂದರು. ಪಾರ್ಲರ್‌ನವರು ಕೆರಾಟಿನ್ ಮಾಡಿಸಿ ಅಂದರು. ಮೆಡಿಕಲ್ ಶಾಪಿನವರು ಬಯೋಟಿನ್ ಮಾತ್ರೆ ಕೊಟ್ಟರು. ಗಂಡ "ಕೂದಲು ತಾನೇ, ಜೀವ ಹೋಗಲ್ವಲ್ಲ" ಅಂದರು. ಕೊನೆಗೆ ಎಲ್ಲರೂ ಸೇರಿ ಹೇಳಿದ್ದು ಒಂದೇ, ಟೆನ್ಷನ್ ಬಿಡು.

ಈ "ಟೆನ್ಷನ್ ಬಿಡು" ಅನ್ನೋ ಸಲಹೆ ಕೇಳಿದರೆ ನನಗೆ ರೇಗುತ್ತೆ. ಆಪ್ತಸಲಹೆ ಮಾಡುವವಳೇ ಹೀಗಂದರೆ ವಿಚಿತ್ರ ಅನಿಸಬಹುದು. ಆದರೆ ಸುಸ್ತು, ನಿದ್ದೆ ಇಲ್ಲ, ಬೇಜಾರು, ಎದೆ ಡವಡವ, ಕೂದಲು ಉದುರೋದು ಇವೆಲ್ಲ ಒಟ್ಟಿಗೆ ಬಂದಾಗ ಮೊದಲು ನೋಡಬೇಕಾದ್ದು ದೇಹವನ್ನು. ಅದೂ ಹೆಂಗಸರಾದರೆ ಇನ್ನೂ ಜಾಸ್ತಿ ನೋಡಬೇಕು, ಯಾಕೆಂದರೆ ಅವರ ಕಾಯಿಲೆಗಳನ್ನು ಮನಸ್ಸಿನ ಖಾತೆಗೆ ಬರೆದುಬಿಡೋದು ಬಹಳ ಸುಲಭ.

ಕೈಗೆ ದಟ್ಟ ಮರೂನ್ ನೇಲ್ ಪಾಲಿಶ್ ಹಚ್ಚಿದ್ದರು. ದಿನವಿಡೀ ಅಡುಗೆಮನೆಯಲ್ಲಿ ಇರುವವರಿಗೆ ಇದೇನು ಅಂತ ಕೇಳಿದೆ. "ಉಗುರು ನೋಡೋಕಾಗಲ್ಲ ಮೇಡಂ, ಅದಕ್ಕೇ" ಅಂದರು. ಮುಂದಿನ ಸಲ ಅಳಿಸಿಕೊಂಡು ಬನ್ನಿ ಅಂದೆ, ಬಂದರು. ಉಗುರು ತೆಳ್ಳಗೆ, ಬಿಳಿಚಿಕೊಂಡಿತ್ತು, ತುದಿಯಲ್ಲಿ ಪದರ ಏಳುತ್ತಿತ್ತು. ನಡುವೆ ಚಮಚದ ಹಾಗೆ ತಗ್ಗು. ಹೆಬ್ಬೆರಳಿನ ಮೇಲೆ ಒಂದು ಹನಿ ನೀರು ಬಿಟ್ಟೆ, ಜಾರದೆ ಅಲ್ಲೇ ನಿಂತಿತು. ಅದೇ ಉಗುರಿನ ಅರ್ಧದಲ್ಲಿ ಅಡ್ಡಕ್ಕೆ ಒಂದು ಗೆರೆ, ಬೆರಳಾಡಿಸಿದರೆ ಹಳ್ಳ ಗೊತ್ತಾಗುತ್ತೆ.

ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತೆ. ಜೋರು ಜ್ವರ ಬಂದರೆ ಬೆಳವಣಿಗೆ ಕೆಲ ಕಾಲ ನಿಂತು ಇಂಥ ಅಡ್ಡಗೆರೆ ಮೂಡುತ್ತೆ. ಹಾಗಾಗಿ ಗೆರೆ ಎಲ್ಲಿದೆ ಅಂತ ನೋಡಿದರೆ ಜ್ವರ ಯಾವಾಗ ಬಂದಿತ್ತು ಅಂತ ಅಂದಾಜು ಸಿಗುತ್ತೆ. ಮಳೆಗಾಲದಲ್ಲಿ ಮಲಗಿದ್ರಾ ಅಂತ ಕೇಳಿದೆ. ಹೌದು, ಜುಲೈ ಕೊನೆಗೆ ಡೆಂಗಿ, ವಾರಪೂರ್ತಿ ಹಾಸಿಗೆ. ಜ್ವರ, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸೋದು, ಇವಾದ ಎರಡು ಮೂರು ತಿಂಗಳಿಗೆ ಕೂದಲು ಒಮ್ಮೆಲೇ ಉದುರೋಕೆ ಶುರುವಾಗುತ್ತೆ. ಅಷ್ಟರಲ್ಲಿ ಜ್ವರ ಮರೆತೇ ಹೋಗಿರುತ್ತೆ, ಅಲ್ವಾ? ಬೇರೆ ಕಾರಣ ಇಲ್ಲದಿದ್ದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗೇ ನಿಲ್ಲುತ್ತೆ.

ಆದರೆ ಚಮಚದಂಥ ಉಗುರು ಒಂದು ಜ್ವರಕ್ಕೆ ಬರೋದಲ್ಲ. ಅದು ಬಹಳ ದಿನದ ಕಬ್ಬಿಣದ ಕೊರತೆಯ ಗುರುತು ಇರಬಹುದು. ಅದಕ್ಕೇ ಇನ್ನೊಂದು ಪ್ರಶ್ನೆ ಕೇಳಿದೆ, ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ಏನಾದ್ರೂ ತಿನ್ನಬೇಕು ಅನಿಸುತ್ತಾ ಅಂತ. ಮುಖ ಕೆಂಪಾಯಿತು. ಕಡಂಬುಟ್ಟಿಗೆ (ಕೊಡಗಿನ ಅಕ್ಕಿ ಉಂಡೆ) ಅಂತ ಒಡೆಸಿಟ್ಟ ಅಕ್ಕಿ ತರಿಯನ್ನು ಡಬ್ಬದಿಂದ ಹಿಡಿ ಹಿಡಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು, ವರ್ಷದಿಂದ, ಯಾರಿಗೂ ಗೊತ್ತಾಗದ ಹಾಗೆ. "ಇದು ಹುಚ್ಚೇನೋ ಅಂದ್ಕೊಂಡಿದ್ದೆ" ಅಂದರು. ಹುಚ್ಚಲ್ಲ. ಕಬ್ಬಿಣ ಕಮ್ಮಿಯಾದವರಲ್ಲಿ ಇಂಥ ಚಪಲ ಬರೋದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಕೂದಲಿಗಿಂತ ಈ ಗುಟ್ಟೇ ಅವರನ್ನು ಜಾಸ್ತಿ ತಿಂದುಹಾಕಿತ್ತು ಅಂತ ನನಗನಿಸುತ್ತೆ, ಯಾಕೆಂದರೆ ಇದನ್ನು ಹೇಳಿದ ಮೇಲೆ ಅವರು ಅತ್ತದ್ದು ಕೂದಲಿಗಲ್ಲ.

ಹಾಗಾದರೆ ಕಬ್ಬಿಣ ಎಲ್ಲಿ ಹೋಗುತ್ತಿದೆ? ಮುಟ್ಟಿನ ಬಗ್ಗೆ ಕೇಳಿದರೆ ಮೊದಲು "ಎಲ್ಲಾ ಸರಿಯಿದೆ" ಅಂದರು. ಸರಿ ಅಂದರೆ ಹೇಗೆ ಅಂತ ಬಿಡಿಸಿ ಕೇಳಿದಾಗ ಎಂಟು ಒಂಬತ್ತು ದಿನ, ಮೊದಲ ದಿನಗಳಲ್ಲಿ ಗಂಟೆ ಎರಡು ಗಂಟೆಗೊಂದು ಪ್ಯಾಡ್, ಗಡ್ಡೆ ಗಡ್ಡೆ ರಕ್ತ. ಅಮ್ಮನಿಗೂ ಹಾಗೇ ಇತ್ತಂತೆ, ಅದಕ್ಕೆ ಮಾಮೂಲು ಅಂದುಕೊಂಡಿದ್ದರು. ಮಾಮೂಲಲ್ಲ.

ನಾನು ವೈದ್ಯೆ ಅಲ್ಲ, ಕಾಯಿಲೆ ಹೆಸರಿಡೋದು ನನ್ನ ಕೆಲಸ ಅಲ್ಲ. ಮುಟ್ಟಿನ ವಿವರ ಚೀಟಿಯಲ್ಲಿ ಬರೆಸಿ, ಹಸಿ ಅಕ್ಕಿ ವಿಷಯವನ್ನೂ ಸೇರಿಸಿ, ಆಸ್ಪತ್ರೆಗೆ ಕಳಿಸಿದೆ. ಡಾಕ್ಟರ್ ಮುಂದೆ ನಾಚಿಕೆಯಾದರೆ ಚೀಟಿ ಕೊಟ್ಟರೆ ಸಾಕು ಅಂದೆ. ಬಯೋಟಿನ್ ತಿನ್ನುತ್ತಿದ್ದೀನಿ ಅಂತ ರಕ್ತ ಕೊಡುವ ಮೊದಲೇ ಹೇಳಿ, ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಕೇಳಿ ಅಂತಲೂ ಒತ್ತಿ ಹೇಳಿದೆ. ಆ ಮಾತ್ರೆ ಥೈರಾಯ್ಡ್ ಟೆಸ್ಟಿನ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಹುದು. ಕೂದಲಿಗೆ ಅಂತ ಸುಮ್ನೆ ನುಂಗುವವರು ಇದನ್ನು ನೆನಪಿಟ್ಟುಕೊಳ್ಳಿ.

ಹಿಮೋಗ್ಲೋಬಿನ್ 7.8 ಬಂತು. ಹೆಂಗಸರಿಗೆ 12ಕ್ಕಿಂತ ಕಮ್ಮಿಯಾದರೆ ರಕ್ತಹೀನತೆ. ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 6, ಅಂದರೆ ಬಹುತೇಕ ಖಾಲಿ. ಥೈರಾಯ್ಡ್ ಸರಿಯಿತ್ತು. ಸ್ಕ್ಯಾನ್‌ನಲ್ಲಿ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಕಂಡಿತು, ಮುಟ್ಟಿನಲ್ಲಿ ಅಷ್ಟು ರಕ್ತ ಹೋಗೋಕೆ ಅದು ಕಾರಣ ಇರಬಹುದು.

ಮಾತ್ರೆ ಕೊಟ್ಟದ್ದು ಡಾಕ್ಟರು. ಅದು ಮನೆಯಲ್ಲಿ ನಡೆಯೋ ಹಾಗೆ ಮಾಡೋದು ನಮ್ಮಿಬ್ಬರ ಕೆಲಸವಾಯಿತು. ಮುಖ್ಯ ಅಡ್ಡಿ ಕಾಫಿ! ಕೊಡಗಿನಲ್ಲಿ ಅಕ್ಕಿರೊಟ್ಟಿ ಮುಗಿಯುವ ಮೊದಲೇ ಲೋಟ ಬಂದಿರುತ್ತೆ. ಕಾಫಿ, ಟೀ ಎರಡೂ ಕಬ್ಬಿಣ ಹೀರಿಕೊಳ್ಳೋದನ್ನು ತಡೆಯುತ್ತವೆ. ಕಾಫಿ ಬಿಡಿ ಅಂತ ತೋಟದ ಮನೆಯವರಿಗೆ ಹೇಳುವ ಧೈರ್ಯ ನನಗಿಲ್ಲ, ಊಟ ಆಗಲಿ ಮಾತ್ರೆ ಆಗಲಿ, ಅದಕ್ಕೂ ಕಾಫಿಗೂ ನಡುವೆ ಒಂದು ಗಂಟೆ ಅಂತರ ಇಡಿ ಅಂದೆ. ಮಾತ್ರೆ ಜೊತೆ ನಿಂಬೆ ಶರಬತ್ತು, ಸೀಬೆಹಣ್ಣು, ಸಿಕ್ಕಾಗ ನಮ್ಮ ಕೊಡಗಿನ ಕಿತ್ತಳೆ. ಹಾಲು, ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ.

ಕೂದಲು ಎಣಿಸೋದು ನಿಲ್ಲಿಸಿ ಅಂದೆ. ದಿನಕ್ಕೆ 50ರಿಂದ 100 ಉದುರೋದು ಎಲ್ಲರಿಗೂ ಇದೆ. ಉದುರುತ್ತೆ ಅಂತ ಹೆದರಿ ಹದಿನೈದು ದಿನಕ್ಕೊಮ್ಮೆ ತಲೆಸ್ನಾನ ಮಾಡುತ್ತಿದ್ದರು. ಬಿದ್ದುಹೋಗಬೇಕಾದ ಕೂದಲೆಲ್ಲ ಒಂದೇ ದಿನ ಕೈಗೆ ಬಂದರೆ ಇನ್ನೂ ಗಾಬರಿ. ಮೊದಲಿನಂತೆ ವಾರಕ್ಕೆ ಎರಡು ಸಲ ಮಾಡಿ ಅಂದೆ. ಗಂಡನನ್ನೂ ಒಮ್ಮೆ ಕರೆಸಿದೆ. ರಿಪೋರ್ಟ್ ನೋಡಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ಗೆಸ್ಟ್ ಜಾಸ್ತಿ ಇರುವ ವಾರಗಳಲ್ಲಿ ಅಡುಗೆಗೆ ಒಬ್ಬರನ್ನು ಇಡೋಣ ಅಂದರು. ಅತ್ತೆಗೆ ವಿಷಯ ಮುಟ್ಟಿಸಿದ್ದೂ ಅವರೇ.

ಈಗ ಹಿಮೋಗ್ಲೋಬಿನ್ 11 ದಾಟಿದೆ, ಅಕ್ಕಿ ತರಿಯ ಆಸೆ ಎಲ್ಲಕ್ಕಿಂತ ಮೊದಲು ಹೋಯಿತು. ಉಗುರು ಬುಡದಿಂದ ಸಪಾಟಾಗಿ ಬರುತ್ತಿದೆ. ಕೂದಲು ನಿಧಾನ, ಹಣೆಯಂಚಿನಲ್ಲಿ ಮೋಟು ಕೂದಲು ಎದ್ದಿವೆ ಅಷ್ಟೇ, ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೆಯೋದಕ್ಕೆ ಯಾವ ಎಣ್ಣೆಯೂ ಅವಸರ ಮಾಡಿಸಲ್ಲ. ಫೈಬ್ರಾಯ್ಡ್‌ಗೆ ಏನು ಮಾಡೋದು ಅಂತ ಡಾಕ್ಟರ್ ಜೊತೆ ಮಾತು ನಡೆದಿದೆ. ಹಿಮೋಗ್ಲೋಬಿನ್ ಸರಿಯಾದ ಮೇಲೂ ದಾಸ್ತಾನು ತುಂಬೋಕೆ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕು.

ಮೊನ್ನೆ ಬಂದಾಗ ಹೈಸ್ಕೂಲಿಗೆ ಹೋಗುವ ಮಗಳ ಉಗುರಿನಲ್ಲಿ ಬಿಳಿ ಚುಕ್ಕೆ ಇದೆ, ಕ್ಯಾಲ್ಸಿಯಂ ಕಮ್ಮಿಯಾ ಅಂತ ಕೇಳಿದರು. ಅಲ್ಲ, ಅದು ಸಾಮಾನ್ಯವಾಗಿ ಉಗುರಿಗೆ ಸಣ್ಣ ಪೆಟ್ಟು ಬಿದ್ದದ್ದು, ಬೆಳೆದು ಹೋಗುತ್ತೆ. ಅದು ಬಿಟ್ಟು ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆ ಅವಳು ನುಂಗುತ್ತಾಳಾ ಕೇಳಿ ಅಂದೆ. ಹೊಟ್ಟೆ ತೊಳಸುತ್ತೆ ಅಂತ ಬಿಸಾಡುತ್ತಿದ್ದಳಂತೆ. ಖಾಲಿ ಹೊಟ್ಟೆಗೆ ಬೇಡ, ಊಟ ಆದ ಮೇಲೆ ತೆಗೆದುಕೊಳ್ಳೋಕೆ ಹೇಳಿ ಅಂದೆ.