ಹಳೆಯ ಬೇಸ್ ಗಿಟಾರಿಗೆ ಹೂವಿನ ಬಟ್ಟೆ ಹೊದಿಸಬಹುದೇ? ಹೇಗೆ?

ಖಂಡಿತ ಹೊದಿಸಬಹುದು. ಸರಿಯಾಗಿ ಮಾಡಿದರೆ ವರ್ಷಗಟ್ಟಲೆ ಬಾಳುತ್ತದೆ. ನೀವು ಮೂರು ವಿಷಯ ಕೇಳಿದ್ದೀರಿ: ಬಣ್ಣ ಎದ್ದುಹೋದ ನಾಲ್ಕು ತಂತಿಯ ಬೇಸಿಗೆ ಹೂವಿನ ಪ್ರಿಂಟಿನ ಕಾಟನ್ ಬಟ್ಟೆ ಅಂಟಿಸಲು ಯಾವ ಅಂಟು ಒಳ್ಳೆಯದು, ಬಟ್ಟೆಯನ್ನು ಪಕ್ಕಗಳಿಗೂ ಸುತ್ತಬೇಕೇ, ಇದರಿಂದ ನಾದ ಕೆಡುತ್ತದೆಯೇ. ಮೂರಕ್ಕೂ ಉತ್ತರ ಹೇಳುತ್ತೇನೆ. ಆದರೆ ನೀವು ಕೇಳದೇ ಬಿಟ್ಟ ವಿಷಯವೊಂದಿದೆ, ಅದೇ ಮುಖ್ಯವಾದದ್ದು: ಬಟ್ಟೆಯ ಮೇಲೆ ಬರುವ ಪಾರದರ್ಶಕ ಪದರ. ಬಟ್ಟೆ ಅಂಟಿಸುವುದು ಅರ್ಧ ದಿನದಲ್ಲಿ ಮುಗಿಯುತ್ತದೆ. ಅಂಚು ಮುಗಿಸಿ, ಮೇಲೆ ಪದರ ಕಟ್ಟಿ, ಉಜ್ಜಿ ಹೊಳಪು ತರುವುದಕ್ಕೆ ವಾರಗಳು ಹಿಡಿಯುತ್ತವೆ. ಬಟ್ಟೆ ಹೊದಿಸಿದ ಬೇಸು ಚೆಂದ ಕಾಣುತ್ತದೋ ಇಲ್ಲವೋ ಎನ್ನುವುದು ಈ ವಾರಗಳಲ್ಲೇ ತೀರ್ಮಾನವಾಗುತ್ತದೆ.

ಮೊದಲು ಪಕ್ಕಗಳ ಪ್ರಶ್ನೆ. ಸುತ್ತಬೇಡಿ. ಮುಂಭಾಗಕ್ಕೊಂದು, ಹಿಂಭಾಗಕ್ಕೊಂದು ತುಂಡು ಬಟ್ಟೆ ಸಾಕು. ಪಕ್ಕಗಳಿಗೆ ಬಣ್ಣ ಹೊಡೆಯಿರಿ. ಬಟ್ಟೆ ಒಂದೇ ದಿಕ್ಕಿನಲ್ಲಿ ಬಾಗುವ ಮೈಮೇಲೆ ಸಲೀಸಾಗಿ ಕೂರುತ್ತದೆ, ಎರಡು ದಿಕ್ಕಿನಲ್ಲಿ ಒಟ್ಟಿಗೆ ಬಾಗಿದ ಕಡೆ ಸುಕ್ಕುಗಟ್ಟುತ್ತದೆ. ಬೇಸಿನ ಕೊಂಬುಗಳ (ಬಾಡಿಯ ಚಾಚಿದ ಮೂಲೆಗಳ) ತುದಿ, ಸೊಂಟದ ಒಳಬಾಗು, ಕೊಂಬಿಗೂ ನೆಕ್ಕಿಗೂ (ಬೆರಳು ಓಡಿಸುವ ಉದ್ದನೆಯ ಕುತ್ತಿಗೆಗೂ) ನಡುವಿನ ಸಂದು ಎಲ್ಲವೂ ಅಂಥವೇ. ಅಲ್ಲಿ ಬಟ್ಟೆಯನ್ನು ಸೀಳಿ ಒಂದರ ಮೇಲೊಂದು ಮಡಿಸಬೇಕಾಗುತ್ತದೆ, ಆ ಮಡಿಕೆಯ ದಪ್ಪ ಎಷ್ಟು ಲ್ಯಾಕರ್ (ವಾರ್ನಿಶ್‌ನಂಥ ಪಾರದರ್ಶಕ ಲೇಪ) ಹೊಡೆದರೂ ಅಡಗುವುದಿಲ್ಲ.

ಈ ದಾರಿ ಹಳೆಯದೇ. 1968ರಲ್ಲಿ ಫೆಂಡರ್ ಕಂಪನಿ ಟೆಲಿಕ್ಯಾಸ್ಟರ್ ಗಿಟಾರನ್ನೂ ಟೆಲಿಕ್ಯಾಸ್ಟರ್ ಬೇಸನ್ನೂ ಪೈಸ್ಲಿ (ಮಾವಿನಕಾಯಿ ಆಕಾರದ ಚಿತ್ತಾರ) ಮತ್ತು ನೀಲಿ ಹೂವಿನ ಚಿತ್ತಾರಗಳಲ್ಲಿ ಮಾರುಕಟ್ಟೆಗೆ ತಂದಿತು. ಅಮೆರಿಕದ ಗಿಟಾರ್ ವಾದಕ ಜೇಮ್ಸ್ ಬರ್ಟನ್ ಕೈಯಲ್ಲಿದ್ದ ಗುಲಾಬಿ ಪೈಸ್ಲಿ ಟೆಲಿಕ್ಯಾಸ್ಟರ್‌ನಿಂದಾಗಿ ಆ ಚಿತ್ತಾರ ಇಂದಿಗೂ ನೆನಪಿನಲ್ಲಿದೆ. ಅವರು ಬಳಸಿದ್ದು ಬಟ್ಟೆಯಲ್ಲ, ಗೋಡೆಗೆ ಅಂಟಿಸುವ ಕಾಗದ. ಹಿಂದೆ ಮುಂದೆ ಕಾಗದ ಅಂಟಿಸಿ, ಪಕ್ಕಗಳಿಗೆ ಬಣ್ಣ ಹೊಡೆದು, ಆ ಬಣ್ಣವನ್ನು ಅಂಚಿನಿಂದ ಒಳಕ್ಕೆ ತುಸು ತುಸುವಾಗಿ ತೆಳುವಾಗಿಸಿ ಕಾಗದದ ಕೊನೆ ಕಾಣದಂತೆ ಮಾಡಿದ್ದರು. ಮೇಲೆ ದಪ್ಪ ಪಾರದರ್ಶಕ ಪದರ. ಆಗಿನ ಅನೇಕ ಗಿಟಾರುಗಳಲ್ಲಿ ಆ ಪದರ ಬಿರುಕು ಬಿಟ್ಟಿದೆ, ಕೆಲವು ಕಡೆ ಎದ್ದೂ ಬಂದಿದೆ. ಅಂಚಿಗೆ ಅವರು ಕಂಡುಕೊಂಡ ಉಪಾಯವನ್ನು ನಾವು ಹಾಗೆಯೇ ತೆಗೆದುಕೊಳ್ಳಬಹುದು. ಪದರದ ವಿಷಯದಲ್ಲಿ ಬಟ್ಟೆಯ ಕಡೆಗೊಂದು ಅನುಕೂಲವಿದೆ: ನೇಯ್ಗೆಯ ಸಂದುಗಳೊಳಗೆ ರೆಸಿನ್ (ಗಟ್ಟಿಯಾಗಿ ಪಾರದರ್ಶಕ ಪದರವಾಗುವ ದ್ರವ) ಇಳಿದು ಹಿಡಿದುಕೊಳ್ಳುತ್ತದೆ, ನುಣುಪು ಕಾಗದದ ಮೇಲೆ ಆ ಹಿಡಿತ ಸಿಗುವುದಿಲ್ಲ.

ಇನ್ನು ನಿಮ್ಮ ಬೇಸಿನ ಆಕಾರ. ಆ ಟೆಲಿಕ್ಯಾಸ್ಟರ್ ಬೇಸಿನ ಬಾಡಿ ಹಲಗೆಯಂತೆ ಸಪಾಟು. ನಿಮ್ಮದೂ ಹಾಗಿದ್ದರೆ ಕೆಲಸ ಅರ್ಧ ಸುಲಭ. ಮುಂದೆ ಮೊಣಕೈ ಇಡುವ ಇಳಿಜಾರು, ಹಿಂದೆ ಹೊಟ್ಟೆಗೆ ತಾಗುವ ತಗ್ಗು ಇದ್ದರೂ ಹೆದರಬೇಕಾಗಿಲ್ಲ. ಕಾಟನ್ ಬಟ್ಟೆ ಹಾಸು ಹೊಕ್ಕಿನ ದಿಕ್ಕಿನಲ್ಲಿ ಹಿಗ್ಗದಿದ್ದರೂ ಓರೆಯಾಗಿ ಎಳೆದರೆ ಸ್ವಲ್ಪ ಹಿಗ್ಗುತ್ತದೆ. ಇಳಿಜಾರಿನ ಕಡೆ ಹಾಗೆ ಓರೆಯಾಗಿ ಸವರಿ ಕೂರಿಸಿದರೆ ಸಾಕು. ಹಿಂಭಾಗದ ತಗ್ಗು ತೀರಾ ಆಳವಾಗಿದ್ದರೆ ಮಾತ್ರ ಹಿಂಬದಿಗೆ ಬಟ್ಟೆಯನ್ನೇ ಬಿಟ್ಟು ಪಕ್ಕದ ಬಣ್ಣವನ್ನೇ ಮುಂದುವರಿಸಿ. ನನ್ನ ಬೇಸಿಗೆ ಮುಂಭಾಗದಲ್ಲಷ್ಟೇ ಬಟ್ಟೆ ಇದೆ, ಹಿಂಬದಿಯೆಲ್ಲ ಗಾಢ ನೀಲಿ; ನುಡಿಸುವಾಗ ಹಿಂಬದಿ ಕಾಣುವುದು ಹೊಟ್ಟೆಗೆ ಮಾತ್ರ.

ಬೇಸು ನಿಜಕ್ಕೂ ಹಳೆಯದಾಗಿದ್ದು, ಕಾರ್ಖಾನೆಯ ಮೂಲ ಬಣ್ಣವನ್ನೇ ಉಳಿಸಿಕೊಂಡ ಒಳ್ಳೆಯ ವಾದ್ಯವಾಗಿದ್ದರೆ ಮುಟ್ಟುವ ಮುನ್ನ ತಿಳಿದವರೊಬ್ಬರಿಗೆ ತೋರಿಸಿ. ಅಂಥ ವಾದ್ಯಗಳ ಬೆಲೆ ಆ ಹಳೆಯ ಬಣ್ಣದಲ್ಲೂ ಇರುತ್ತದೆ, ಎದ್ದುಹೋಗಿದ್ದರೂ ಸರಿ.

ಬಟ್ಟೆ ಆರಿಸುವುದರಲ್ಲಿ ಆತುರ ಬೇಡ. ತೆಳುವಾದ, ನೇಯ್ಗೆ ಒತ್ತಾಗಿರುವ ಶುದ್ಧ ಕಾಟನ್ ತೆಗೆದುಕೊಳ್ಳಿ. ಪಾಪ್ಲಿನ್, ಕ್ಯಾಂಬ್ರಿಕ್ ಚೆನ್ನಾಗಿ ಕೂರುತ್ತವೆ. ಹಿಗ್ಗುವ ಬಟ್ಟೆ ಬೇಡ, ಅಂಟಿಸುವಾಗ ಚಿತ್ತಾರ ಸೊಟ್ಟಗಾಗುತ್ತದೆ. ಜರಿ, ಕಸೂತಿ ಇರುವ ಬಟ್ಟೆಯೂ ಬೇಡ, ಉಬ್ಬಿದ ಎಳೆಯನ್ನು ಮುಳುಗಿಸಲು ಪದರ ವಿಪರೀತ ದಪ್ಪವಾಗಬೇಕಾಗುತ್ತದೆ. ಚಿತ್ತಾರದ ಅಳತೆಯನ್ನೂ ಯೋಚಿಸಿ. ಬಾಡಿಯ ಅಗಲ ಸುಮಾರು 33 ಸೆಂ.ಮೀ. ಅಷ್ಟೇ, ಅದರಲ್ಲಿ ಪಿಕ್‌ಗಾರ್ಡ್ (ಗೀರು ಬೀಳದಂತೆ ಮುಂಭಾಗಕ್ಕೆ ಹಾಕುವ ತೆಳು ಹಾಳೆ), ಪಿಕಪ್ (ತಂತಿಯ ಕಂಪನ ಗ್ರಹಿಸುವ ಭಾಗ), ಬ್ರಿಜ್ (ತಂತಿಗಳ ಕೆಳತುದಿಯನ್ನು ಹಿಡಿಯುವ ಲೋಹದ ಭಾಗ) ಸೇರಿ ನಡುವಿನ ಜಾಗವನ್ನೆಲ್ಲ ತಿಂದುಬಿಡುತ್ತವೆ. ಅಂಗೈಯಗಲದ ಹೂವುಗಳಿದ್ದರೆ ಒಂದೂ ಪೂರ್ತಿ ಕಾಣುವುದಿಲ್ಲ. ಒಂದು ರಟ್ಟಿನಲ್ಲಿ ಬಾಡಿಯ ಆಕಾರವನ್ನು ಕತ್ತರಿಸಿ ತೆಗೆದು, ಉಳಿದ ಕಿಂಡಿಯನ್ನು ಬಟ್ಟೆಯ ಮೇಲೆ ಅತ್ತಿತ್ತ ಸರಿಸಿ ನೋಡಿ. ಯಾವ ಹೂವು ಎಲ್ಲಿ ಬಂದರೆ ಚೆಂದ ಎನ್ನುವುದು ಕೂಡಲೇ ಗೊತ್ತಾಗುತ್ತದೆ. ಪಿಕ್‌ಗಾರ್ಡಿನ ಕೆಳಗೆ ಚಿತ್ತಾರ ಮರೆಯಾಗುತ್ತದಲ್ಲ ಎಂದು ಅನ್ನಿಸಿದರೆ ಹಳೆಯದರ ಅಳತೆಯಲ್ಲೇ ಪಾರದರ್ಶಕ ಅಕ್ರಿಲಿಕ್ಕಿನದೊಂದನ್ನು ಕತ್ತರಿಸಿಕೊಳ್ಳಬಹುದು. ನನಗೆ ಅದು ಬಹಳ ಇಷ್ಟ.

ತಂದ ಬಟ್ಟೆಯನ್ನು ಬೆಚ್ಚನೆಯ ನೀರಿನಲ್ಲಿ ಒಗೆದು ಒಣಗಿಸಿ ಇಸ್ತ್ರಿ ಮಾಡಲೇಬೇಕು. ಹೊಸ ಬಟ್ಟೆಯ ಗಂಜಿ ಹೋಗದಿದ್ದರೆ ಅಂಟು ಎಳೆಯೊಳಗೆ ಇಳಿಯುವುದಿಲ್ಲ, ಕುಗ್ಗುವುದಿದ್ದರೆ ಈಗಲೇ ಕುಗ್ಗಲಿ. ಬಣ್ಣ ಬಿಡುವ ಬಟ್ಟೆಯೂ ಇಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಒಂದು ಹಲಗೆಯ ತುಂಡಿಗೆ ಬಿಳಿ ಪ್ರೈಮರ್ ಹೊಡೆದು, ಅದೇ ಬಟ್ಟೆ, ಅದೇ ಅಂಟು, ಅದೇ ರೆಸಿನ್, ಅದೇ ಲ್ಯಾಕರ್ ಎಲ್ಲವನ್ನೂ ಅದರ ಮೇಲೆ ಕ್ರಮವಾಗಿ ಮಾಡಿ ನೋಡಿ. ರೆಸಿನ್ ಕುಡಿದ ತೆಳು ಕಾಟನ್ ಅರೆಪಾರದರ್ಶಕವಾಗಿ ಬಣ್ಣ ಒಂದು ಛಾಯೆ ಗಾಢವಾಗುತ್ತದೆ, ಕೆಳಗಿರುವುದೆಲ್ಲ ಕಾಣತೊಡಗುತ್ತದೆ. ಕಂದು ಮರದ ಮೇಲೋ ಹಳೆಯ ಕಪ್ಪು ಬಣ್ಣದ ಮೇಲೋ ನೇರವಾಗಿ ಅಂಟಿಸಿದ ತಿಳಿಬಣ್ಣದ ಬಟ್ಟೆ ಮಂಕಾಗುವುದು ಇದೇ ಕಾರಣಕ್ಕೆ. ಬಿಳಿ ತಳ ಬೇಕೇ ಬೇಕು.

ಬೇಸನ್ನು ಬಿಚ್ಚುವಾಗ ವೈರಿಂಗಿನ ಫೋಟೋ ತೆಗೆದಿಟ್ಟುಕೊಳ್ಳಿ. ಬ್ರಿಜ್ ಕೆಳಗಿನಿಂದ ಬರುವ ಅರ್ಥ್ ವೈರನ್ನು ಗುರುತಿಸಿಟ್ಟುಕೊಳ್ಳಿ, ಕೊನೆಗೆ ಅದು ಬ್ರಿಜ್ಜಿನ ಲೋಹಕ್ಕೆ ತಾಗದಿದ್ದರೆ ಗುಂಯ್‌ ಎನ್ನುವ ಸದ್ದು ನಿಲ್ಲುವುದಿಲ್ಲ. ಹಳೆಯ ಬಣ್ಣವನ್ನು ಮರ ಕಾಣುವವರೆಗೆ ಕಿತ್ತುಹಾಕುವ ಅಗತ್ಯವಿಲ್ಲ. ಗಟ್ಟಿಯಾಗಿ ಹಿಡಿದುಕೊಂಡಿರುವ ಹಳೆಯ ಪಾಲಿಯೆಸ್ಟರ್ ಒಳ್ಳೆಯ ಅಡಿಪಾಯ. ಎದ್ದ ಚಕ್ಕೆಗಳನ್ನು ತೆಗೆದು, 220 ನಂಬರಿನ ಸ್ಯಾಂಡ್‌ಪೇಪರಿನಿಂದ ಹೊಳಪು ಹೋಗುವಂತೆ ಉಜ್ಜಿ, ಕುಳಿಗಳನ್ನು ಫಿಲ್ಲರಿನಿಂದ ತುಂಬಿ, ಬಿಳಿ ಪ್ರೈಮರ್ ಹೊಡೆದು 320ರಲ್ಲಿ ನಯ ಮಾಡಿ. ಉಳಿದ ಕುಳಿ ಬಟ್ಟೆಯ ಮೇಲೂ ಕುಳಿಯಾಗಿಯೇ ಕಾಣುತ್ತದೆ. ನೆಕ್ ಕೂರುವ ಗುಂಡಿಗೆ ಶುರುವಿನಿಂದ ಕೊನೆಯವರೆಗೂ ಟೇಪ್ ಅಂಟಿಸಿಡಿ. ಅಲ್ಲಿ ಕೂದಲೆಳೆ ದಪ್ಪ ಸೇರಿದರೂ ನೆಕ್ ಸರಿಯಾಗಿ ಕೂರದೆ, ತಂತಿಯ ಎತ್ತರ ವ್ಯತ್ಯಾಸವಾಗುತ್ತದೆ.

ಈಗ ಅಂಟು. ಬಡಗಿಗಳು ಬಳಸುವ ಮಾಮೂಲಿ ಬಿಳಿ ಪಿವಿಎ ಅಂಟೇ ಸಾಕು, ಆದರೆ ಒದ್ದೆಯಾಗಿ ಅಲ್ಲ. ತುಸು ನೀರು ಬೆರೆಸಿ ಬಾಡಿಯ ಮೇಲೆ ಒಂದೇ ಸಮನಾಗಿ ತೆಳುವಾಗಿ ಎರಡು ಸಲ ಬಳಿದು ಪೂರ್ತಿ ಒಣಗಲು ಬಿಡಿ. ನಂತರ ಬ್ರಿಜ್‌ನಿಂದ ನೆಕ್ ಗುಂಡಿಯವರೆಗೆ ನಡುಗೆರೆ ಎಳೆದು, ಬಟ್ಟೆಯ ಎಳೆಯನ್ನು ಆ ಗೆರೆಗೆ ಹೊಂದಿಸಿ ಹಾಸಿ. ಉಗಿ ಇಲ್ಲದ ಹದವಾದ ಬಿಸಿಯ ಇಸ್ತ್ರಿಪೆಟ್ಟಿಗೆಯನ್ನು ನಡುವಿನಿಂದ ಅಂಚಿನ ಕಡೆಗೆ ನಿಧಾನವಾಗಿ ಒತ್ತುತ್ತಾ ಹೋಗಿ. ಒಣಗಿದ ಪಿವಿಎ ಬಿಸಿಗೆ ಮೆತ್ತಗಾಗಿ ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ. ಎಲ್ಲಾದರೂ ಸೊಟ್ಟಗಾದರೆ ಮತ್ತೆ ಬಿಸಿ ಮಾಡಿ ಎತ್ತಿ ಕೂರಿಸಬಹುದು. ಒದ್ದೆ ಅಂಟಿನಲ್ಲಿ ಈ ಸಮಾಧಾನ ಇಲ್ಲ. ಬಟ್ಟೆ ನೆನೆದು ಜರುಗುತ್ತದೆ, ಗುಳ್ಳೆ ಏಳುತ್ತದೆ. ಸ್ಪ್ರೇ ಅಂಟನ್ನು ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಮೇಲೆ ಹೊಡೆಯುವ ಲ್ಯಾಕರಿನ ಥಿನ್ನರ್ ಬಟ್ಟೆಯ ಮೂಲಕ ಇಳಿದು ಅದನ್ನು ಕರಗಿಸಬಲ್ಲದು, ಆಗ ಅಂಚುಗಳು ಎದ್ದುಕೊಳ್ಳುತ್ತವೆ.

ಹೊರಚಾಚಿದ ಬಟ್ಟೆಯನ್ನು ಈಗಲೇ ಕತ್ತರಿಸಬೇಡಿ. ಒಣ ಬಟ್ಟೆಯನ್ನು ಎಷ್ಟೇ ಹರಿತವಾದ ಬ್ಲೇಡಿನಿಂದ ಕತ್ತರಿಸಿದರೂ ನೂಲು ಬಿಚ್ಚಿಕೊಳ್ಳುತ್ತದೆ. ಸುತ್ತ ಎರಡು ಸೆಂ.ಮೀ. ಬಿಟ್ಟು, ಮೊದಲು ಬಟ್ಟೆಯ ಮೇಲೆ ತೆಳುವಾದ ಎಪಾಕ್ಸಿ ರೆಸಿನ್ ಒಂದು ಕೈ ಬಳಿದು, ಅಂಚಿನಾಚೆಗೂ ತುಸು ಹಚ್ಚಿ ಗಟ್ಟಿಯಾಗಲು ಬಿಡಿ. ಗಟ್ಟಿಯಾದ ಬಟ್ಟೆ ಹಾಳೆಯಂತೆ ಕತ್ತರಿಸಿಕೊಳ್ಳುತ್ತದೆ. ಮೊದಲು ಬ್ಲೇಡಿನಿಂದ ಹತ್ತಿರಕ್ಕೆ ಸವರಿ, ಉಳಿದದ್ದನ್ನು ಮರದ ತುಂಡಿಗೆ ಸುತ್ತಿದ 220 ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಗೆಯಿರಿ. ಕೈ ಯಾವಾಗಲೂ ಮೇಲಿನಿಂದ ಕೆಳಕ್ಕೆ, ಬಟ್ಟೆಯನ್ನು ಬಾಡಿಗೆ ಒತ್ತುವ ದಿಕ್ಕಿನಲ್ಲೇ ಹೋಗಬೇಕು. ಕೆಳಗಿನಿಂದ ಮೇಲಕ್ಕೆ ಉಜ್ಜಿದರೆ ಅಂಚು ಕಿತ್ತು ಬರುತ್ತದೆ. ಪಿಕಪ್ಪು, ಪಾಟುಗಳ (ಸದ್ದು ಹೆಚ್ಚುಕಡಿಮೆ ಮಾಡುವ ತಿರುಗುವ ನಾಬ್‌ಗಳ) ಗುಂಡಿಗಳನ್ನು ತೆರೆಯುವುದಕ್ಕೂ ಇದೇ ಕ್ರಮ.

ಇಷ್ಟಾದ ಮೇಲೆ ಬಟ್ಟೆಯ ನಡುಭಾಗಕ್ಕೆ ಕಾಗದ ಮುಚ್ಚಿ ಪಕ್ಕಗಳಿಗೆ ಬಣ್ಣ ಹೊಡೆಯಿರಿ. ಕೊನೆಯ ಕೈಗಳಲ್ಲಿ ಕಾಗದವನ್ನು ಅಂಚಿನಿಂದ ಒಂದೂವರೆ ಸೆಂ.ಮೀ. ಒಳಕ್ಕೆ ಸರಿಸಿ, ಮೈಗೆ ತಾಗದಂತೆ ತುಸು ಎತ್ತರಿಸಿ ಇಟ್ಟು ಸ್ಪ್ರೇ ಮಾಡಿದರೆ ಬಣ್ಣ ಗೆರೆ ಬೀಳದೆ ಮೆಲ್ಲಗೆ ಕರಗಿದ ಹಾಗೆ ಬರುತ್ತದೆ. ಬಟ್ಟೆಯ ಹಿನ್ನೆಲೆಯಲ್ಲಿರುವ ಅತಿ ಗಾಢ ಬಣ್ಣವನ್ನೇ ಪಕ್ಕಕ್ಕೆ ಆರಿಸಿ. ಬಟ್ಟೆ ಎಲ್ಲಿ ಮುಗಿಯಿತು, ಬಣ್ಣ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ತಿಳಿಯಬಾರದು.

ಇನ್ನು ಆ ಮುಖ್ಯ ಪದರ. ನೇಯ್ಗೆಯ ಏರುತಗ್ಗುಗಳನ್ನು ಲ್ಯಾಕರ್ ಒಂದರಿಂದಲೇ ತುಂಬಲು ಹೊರಟರೆ ಲೆಕ್ಕವಿಲ್ಲದಷ್ಟು ಕೈ ಬೇಕು. ಅದು ಆರುತ್ತಾ ಕುಗ್ಗುತ್ತದೆ, ಕುಗ್ಗಿದಾಗ ನೇಯ್ಗೆ ಮತ್ತೆ ಮೇಲೆ ಕಾಣುತ್ತದೆ. ಎಪಾಕ್ಸಿ ಹೆಚ್ಚು ಕುಗ್ಗುವುದಿಲ್ಲ, ಅದಕ್ಕೇ ತಳಕ್ಕೆ ಅದು. ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ರೆಸಿನ್, ಹಾರ್ಡ್ನರ್ (ಅದನ್ನು ಗಟ್ಟಿಯಾಗಿಸುವ ದ್ರವ) ಅಳೆದು, ಕಲಸುವ ಲೋಟದ ತಳ, ಬದಿಗಳನ್ನೆಲ್ಲ ಕೆರೆಯುತ್ತಾ ಚೆನ್ನಾಗಿ ಕಲಸಿ, ಸಾಧ್ಯವಾದರೆ ಇನ್ನೊಂದು ಶುದ್ಧ ಲೋಟಕ್ಕೆ ಬಗ್ಗಿಸಿ ಮತ್ತೆ ಕಲಸಿ. ಸರಿಯಾಗಿ ಕೂಡದ ಎಪಾಕ್ಸಿ ಅಲ್ಲಲ್ಲಿ ಅಂಟಂಟಾಗಿಯೇ ಉಳಿದುಬಿಡುತ್ತದೆ. ಬಾಡಿಯನ್ನು ಮಟ್ಟಸವಾಗಿ ಇಟ್ಟು ಸುರಿದು ಹರಡಿ, ಗುಳ್ಳೆಗಳ ಮೇಲೆ ಹೀಟ್ ಗನ್ನನ್ನು ಒಂದು ಕಡೆ ನಿಲ್ಲಿಸದೆ ಆಡಿಸಿದರೆ ಒಡೆಯುತ್ತವೆ. ಗಟ್ಟಿಯಾದ ಮೇಲೆ ಕೆಲವು ಎಪಾಕ್ಸಿಗಳ ಮೈಮೇಲೆ ಜಿಡ್ಡಿನಂಥ ಪೊರೆ ಬರುತ್ತದೆ. ನೀರಿನಿಂದ ಒರೆಸಿ ತೆಗೆದ ನಂತರವೇ 320ರಲ್ಲಿ ಉಜ್ಜಿ.

ಉಜ್ಜುವಾಗ ಗಮನ ಎಲ್ಲ ಒಂದೇ ಕಡೆ ಇರಲಿ: ಎಳೆಗೆ ತಾಗಬಾರದು. ಮೊದಲ ಪದರದ ಮೇಲೆ ಉಬ್ಬಿದ ಎಳೆಗಳು ಬಹಳ ಹತ್ತಿರದಲ್ಲೇ ಇರುತ್ತವೆ. ಸ್ಯಾಂಡ್‌ಪೇಪರ್ ಅವನ್ನು ಕೆರೆದರೆ ಪ್ರಿಂಟ್ ಹೋಗಿ ಬಿಳಿ ಚುಕ್ಕೆ ಉಳಿಯುತ್ತದೆ, ಮುಚ್ಚಲು ಬೇರೆ ದಾರಿಯಿಲ್ಲ. ಹೊಳೆಯುವ ತಗ್ಗುಗಳು ಉಳಿದಿದ್ದರೂ ಸರಿ, ಅಲ್ಲಿಗೇ ನಿಲ್ಲಿಸಿ ಇನ್ನೊಂದು ಪದರ ಹಾಕಿ. ಎರಡು, ಹೆಚ್ಚೆಂದರೆ ಮೂರು ಪದರದಲ್ಲಿ ನೇಯ್ಗೆ ಪೂರ್ತಿ ಮುಳುಗುತ್ತದೆ. ಕೊಂಬಿನ ತುದಿ, ಇಳಿಜಾರಿನ ಅಂಚುಗಳಲ್ಲಿ ರೆಸಿನ್ ತೆಳುವಾಗಿ ನಿಲ್ಲುತ್ತದೆ. ಅಲ್ಲಿ ಯಂತ್ರ ಬೇಡ, ಕೈಯಿಂದಲೇ, ಮೆಲ್ಲಗೆ.

ಎಪಾಕ್ಸಿ ಬಿಸಿಲಿಗೆ ಹಳದಿಯಾಗುತ್ತದೆ. ಆದ್ದರಿಂದ ಮೇಲೆ ಯುವಿ ತಡೆಯುವ ಪಾಲಿಯುರಥೇನ್ ಅಥವಾ ಅಕ್ರಿಲಿಕ್ ಪಾರದರ್ಶಕ ಕೋಟು ಬೇಕು. ಎರಡು ಭಾಗ ಬೆರೆಸುವ ಕಾರಿನ ಕ್ಲಿಯರ್ ಕೋಟ್ ಎಲ್ಲಕ್ಕಿಂತ ಗಟ್ಟಿ, ಆದರೆ ಅದರ ಹಾರ್ಡ್ನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಅಪಾಯ, ಧೂಳಿನ ಮಾಸ್ಕು ಅದನ್ನು ತಡೆಯುವುದಿಲ್ಲ. ಅದೇ ಬೇಕೆಂದಿದ್ದರೆ ಉಜ್ಜಿ ಸಿದ್ಧಮಾಡಿದ ಬಾಡಿಯನ್ನು ಕಾರಿಗೆ ಬಣ್ಣ ಹೊಡೆಯುವವರ ಕೈಗೆ ಕೊಡಿ, ದಯವಿಟ್ಟು ಮನೆಯಲ್ಲಿ ಬೇಡ. ಎಪಾಕ್ಸಿ ಕೆಲಸಕ್ಕೂ ಕೈಗವಸು, ಉಜ್ಜುವಾಗ ಮಾಸ್ಕು ತಪ್ಪಿಸಬೇಡಿ; ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಶಾಶ್ವತ ಅಲರ್ಜಿ ಬರುವ ವಸ್ತು ಅದು. ಕೊನೆಯ ಕೋಟು ಆರಲು ವಾರಗಟ್ಟಲೆ ಬಿಡಿ. ಉಗುರು ಒತ್ತಿದರೆ ಗುರುತು ಬೀಳಬಾರದು, ಮೂಗಿಗೆ ಹಿಡಿದರೆ ಥಿನ್ನರಿನ ವಾಸನೆ ಬರಬಾರದು. ಆಮೇಲೆ 1000, 1500, 2000 ನಂಬರಿನಲ್ಲಿ ನೀರು ಹಾಕಿ ಉಜ್ಜಿ ಪಾಲಿಶ್ ಮಾಡಿದರೆ ಹೂವುಗಳು ಗಾಜಿನಡಿಯಲ್ಲಿ ಕೂತ ಹಾಗೆ ಕಾಣುತ್ತವೆ.

ಜೋಡಿಸುವಾಗ ಸ್ಕ್ರೂ ತೂತುಗಳ ಬಾಯನ್ನು ಕೈಯಲ್ಲೇ ಡ್ರಿಲ್ ಬಿಟ್ ತಿರುಗಿಸಿ ತುಸು ಅಗಲಿಸಿಕೊಳ್ಳಿ. ಇಲ್ಲವಾದರೆ ಸ್ಕ್ರೂವಿನ ಸುರುಳಿ ಏಣು ಪಾರದರ್ಶಕ ಪದರವನ್ನು ಎತ್ತಿ ಬಿರುಕು ಬಿಡಿಸುತ್ತದೆ. ಸ್ಕ್ರೂಗೆ ಸ್ವಲ್ಪ ಸಾಬೂನು ಸವರಿದರೆ ಇನ್ನೂ ಸಲೀಸು.

ನಾದದ ಬಗ್ಗೆ ನಿಶ್ಚಿಂತೆಯಿಂದಿರಿ. ಗಟ್ಟಿ ಮರದ ಎಲೆಕ್ಟ್ರಿಕ್ ಬೇಸಿನಲ್ಲಿ ಪಿಕಪ್ ಗ್ರಹಿಸುವುದು ಲೋಹದ ತಂತಿಯ ಕಂಪನವನ್ನು. ಬಾಡಿಯ ಮೇಲಿನ ಬಟ್ಟೆಯಿಂದ ಕಿವಿಗೆ ತಿಳಿಯುವ ವ್ಯತ್ಯಾಸ ನನಗಂತೂ ಕೇಳಿಸಿಲ್ಲ. ಅಕೌಸ್ಟಿಕ್ ಬೇಸಾಗಿದ್ದರೆ ಬೇಡ ಎಂದೇ ಹೇಳುತ್ತಿದ್ದೆ, ಅಲ್ಲಿ ಮೇಲ್ಹಲಗೆ ಕಂಪಿಸಿಯೇ ನಾದ ಹುಟ್ಟಬೇಕು. ನಿಮ್ಮದರಲ್ಲಿ ಬದಲಾಗುವುದು ಎತ್ತರ ಮಾತ್ರ: ಬಟ್ಟೆ, ಪದರ ಸೇರಿ ಬ್ರಿಜ್ ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು ಮೇಲೇರುತ್ತದೆ, ನೆಕ್ ಇದ್ದಲ್ಲೇ ಇರುತ್ತದೆ. ಬ್ರಿಜ್ ಮೇಲೆ ತಂತಿ ಕೂರುವ ಸ್ಯಾಡಲ್‌ಗಳನ್ನು ಅಷ್ಟೇ ಇಳಿಸಿದರೆ ಸರಿಹೋಗುತ್ತದೆ. ಆದರೆ ನಿಮ್ಮ ಸ್ಯಾಡಲ್‌ಗಳು ಈಗಾಗಲೇ ಪೂರ್ತಿ ಕೆಳಗೆ ಕೂತಿದ್ದರೆ ಇಳಿಸಲು ಜಾಗವಿರುವುದಿಲ್ಲ. ಹಾಗಿದ್ದರೆ ಬ್ರಿಜ್ ಕೂರುವ ಜಾಗದಷ್ಟು ಬಟ್ಟೆಯನ್ನು ಕತ್ತರಿಸಿ ತೆಗೆದು, ಅಲ್ಲಿಗೂ ಶುರುವಿನಿಂದಲೇ ಟೇಪ್ ಅಂಟಿಸಿಡಿ. ಬಿಚ್ಚುವ ಮುನ್ನ ಇದೊಂದನ್ನು ನೋಡಿಕೊಂಡು, ಬಾಡಿಯ ಹಿಂಬದಿಯ ಫೋಟೋ ಒಂದನ್ನು ಹಾಕಿ. ತಗ್ಗು ಎಷ್ಟು ಆಳವಿದೆ ಎಂದು ನೋಡಿ, ಅಲ್ಲಿಗೆ ಬಟ್ಟೆ ಕೂರುತ್ತದೋ ಬಣ್ಣವೇ ವಾಸಿಯೋ ಹೇಳುತ್ತೇನೆ.